ಎರಡು ವರ್ಷದ ಡಿಸೈನ್ ಓದು: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದ ಯಾವ ಕಮ್ಯುನಿಟಿ ಕಾಲೇಜಿನ ಕೆಟಲಾಗ್ ತೆರೆದರೂ ಗ್ರಾಫಿಕ್ ಡಿಸೈನ್ ಮತ್ತು ಇಲಸ್ಟ್ರೇಶನ್ ಪುಟದಲ್ಲಿ ಹೆಚ್ಚುಕಡಿಮೆ ಇವೇ ಹೆಸರುಗಳು: ಡ್ರಾಯಿಂಗ್, ಟೂ-ಡಿ (ಸಮತಲದ) ಡಿಸೈನ್, ಕಲರ್, ಟೈಪೋಗ್ರಫಿ (ಅಕ್ಷರ ವಿನ್ಯಾಸ), ಅಡೋಬಿ ಕಂಪನಿಯ ತಂತ್ರಾಂಶಗಳಾದ ಫೋಟೊಶಾಪ್, ಇಲಸ್ಟ್ರೇಟರ್, ಇನ್‌ಡಿಸೈನ್, ಆಮೇಲೆ ಇಲಸ್ಟ್ರೇಶನ್ (ಚಿತ್ರರಚನೆ), ವೆಬ್, ಕೊನೆಗೆ ಪೋರ್ಟ್‌ಫೋಲಿಯೊ (ಆಯ್ದ ಕೆಲಸಗಳ ಸಂಗ್ರಹ). ಹೊಸಬರ ಕಣ್ಣು ಮೊದಲು ಹೋಗುವುದು ಫೋಟೊಶಾಪಿನ ಮೇಲೆ. ಹೆಸರು ಕೇಳಿ ಗೊತ್ತಿರುತ್ತದೆ, ಕೆಲಸದ ಜಾಹೀರಾತುಗಳಲ್ಲೂ ಅದೇ ಇರುತ್ತದೆ. ಆದರೆ ಈ ಓದಿನಲ್ಲಿ ಕೆಡುವ ಕೆಲಸಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಬಹುಪಾಲು ಕಡೆ ಸಿಗುವ ಕಾರಣ ಒಂದೇ, ಮುಂದಿನ ಹೆಜ್ಜೆಯನ್ನು ಮೊದಲೇ ಇಟ್ಟಿರುವುದು. ತಿಳಿ-ಗಾಢ ಯಾವುದೆಂದು ತೀರ್ಮಾನವಾಗದೆ ಬಣ್ಣ ಹಚ್ಚಿರುತ್ತಾರೆ, ಪಠ್ಯವನ್ನು ಓದದೆ ಫಾಂಟ್ ಆರಿಸಿರುತ್ತಾರೆ, ಕಾಗದದ ಅಳತೆ ಕೇಳದೆ ಫೈಲ್ ತೆರೆದಿರುತ್ತಾರೆ. ಕೋರ್ಸು ಆರಿಸುವಾಗಲೂ ಎಡವುವುದು ಹೀಗೆಯೇ.

ಮೊದಲು ವ್ಯವಸ್ಥೆಯ ಮಾತು, ಆದಷ್ಟು ಬೇಗ ಮುಗಿಸೋಣ. ಇವು ಎರಡು ವರ್ಷದ ಸಾರ್ವಜನಿಕ ಕಾಲೇಜುಗಳು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದು ಇವುಗಳಲ್ಲಿ ಅತ್ಯಂತ ಹಳೆಯದು. ಸಾಮಾನ್ಯವಾಗಿ ಪ್ರವೇಶಕ್ಕೆ ಸ್ಪರ್ಧೆಯಿಲ್ಲ, ಪೋರ್ಟ್‌ಫೋಲಿಯೊ ಕೇಳುವುದಿಲ್ಲ. ಅಸೋಸಿಯೇಟ್ ಪದವಿಗೆ ಸುಮಾರು 60 ಕ್ರೆಡಿಟ್. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ, ಅಲ್ಲಿನ ನಿವಾಸಿಗಳಿಗೆ 2012ರಿಂದ ಯೂನಿಟ್‌ಗೆ (ಕ್ರೆಡಿಟ್‌ಗೆ ಅಲ್ಲಿನ ಹೆಸರು) 46 ಡಾಲರ್. ಅಂದರೆ 60 ಯೂನಿಟ್‌ಗೆ 2,760 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ, ಪುಸ್ತಕ, ಸಾಮಗ್ರಿ. ಬೇರೆ ರಾಜ್ಯಗಳಲ್ಲಿ ದರ ಸಾಮಾನ್ಯವಾಗಿ ಹೆಚ್ಚು. ಹೊರರಾಜ್ಯದವರಿಗೂ ವಿದೇಶಿ ವಿದ್ಯಾರ್ಥಿಗಳಿಗೂ ಅದು ಹಲವು ಪಟ್ಟು ಆಗುತ್ತದೆ.

ಪದವಿಗಳಲ್ಲೂ ಭೇದವಿದೆ. ಎಎಎಸ್ ಅಂದರೆ ಅಪ್ಲೈಡ್ ಸೈನ್ಸ್ ಅಸೋಸಿಯೇಟ್, ನೇರವಾಗಿ ಕೆಲಸಕ್ಕೆ ಹೋಗುವವರಿಗಾಗಿ ಕಟ್ಟಿದ್ದು. ಕೈಯಾರೆ ಮಾಡಿ ಕಲಿಯುವ ಸ್ಟುಡಿಯೊ ಕೋರ್ಸು ಹೆಚ್ಚು, ಸಾಮಾನ್ಯ ಶಿಕ್ಷಣ ಕಡಿಮೆ. ಎಎ (ಆರ್ಟ್ಸ್ ಅಸೋಸಿಯೇಟ್) ಅಥವಾ ಎಎಫ್ಎ (ಫೈನ್ ಆರ್ಟ್ಸ್ ಅಸೋಸಿಯೇಟ್) ಮಾಡಿದವರು ನಾಲ್ಕು ವರ್ಷದ ಪದವಿಗೆ ಸುಲಭವಾಗಿ ಸೇರಿಕೊಳ್ಳಬಹುದು. ಮೊದಲ ಸೆಮಿಸ್ಟರಿನಲ್ಲೇ ಇದನ್ನು ತೀರ್ಮಾನಿಸದಿದ್ದರೆ ಎರಡು ವರ್ಷದ ಕೊನೆಗೆ ಕೈಯಲ್ಲಿರುವ ಎಎಎಸ್‌ನ ಅರ್ಧ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯ ಎಲೆಕ್ಟಿವ್ ಎಂದು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇನ್ನು, ಭಾರತದಲ್ಲಿ ಆಗಲೇ ಬಿಇಯೋ ಬಿಕಾಂ ಪದವಿಯೋ ಪಡೆದವರಿಗೆ ಇನ್ನೊಂದು ಅಸೋಸಿಯೇಟ್ ಪದವಿಯ ಅಗತ್ಯವೇ ಇರಲಿಕ್ಕಿಲ್ಲ. ಡಿಸೈನ್ ಕೋರ್ಸುಗಳನ್ನಷ್ಟೇ ಸೇರಿಸಿ ಕೊಡುವ ಸರ್ಟಿಫಿಕೇಟ್ ಸಾಕಾಗುತ್ತದೆ. ಇಂಗ್ಲಿಷು, ಗಣಿತ, ಇತಿಹಾಸಗಳ ಕ್ರೆಡಿಟ್ ಮಾಡುವ ಖರ್ಚು, ಸಮಯ ಉಳಿಯುತ್ತದೆ. ಪದವಿಯೇ ಬೇಕೆಂದರೆ ಹಳೆಯ ಅಂಕಪಟ್ಟಿಗಳನ್ನು ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಯಿಂದ ಪರಿಶೀಲಿಸಿ ಕೊಟ್ಟರೆ ಸಾಮಾನ್ಯ ಶಿಕ್ಷಣದ ಒಂದು ಪಾಲು ಮನ್ನಾ ಆಗಬಹುದು.

ಎಚ್-4 ವೀಸಾದಲ್ಲಿರುವವರು (ಎಚ್-1ಬಿಯಂಥ ಉದ್ಯೋಗ ವೀಸಾದವರ ಸಂಗಾತಿ, ಮಕ್ಕಳು) ಪೂರ್ಣಾವಧಿ, ಅರೆಕಾಲಿಕ ಹೇಗೆ ಬೇಕಾದರೂ ಓದಬಹುದು, ಅದಕ್ಕೆ ವೀಸಾ ಬದಲಿಸಬೇಕಿಲ್ಲ. ಆದರೆ ಇಎಡಿ ಎಂಬ ಕೆಲಸದ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ. ಪರಿಚಯದವರ ಅಂಗಡಿಗೆ ದುಡ್ಡು ಪಡೆದು ಲೋಗೊ ಮಾಡಿಕೊಡುವುದೂ ದುಡಿಮೆಯೇ. ಸಂಬಳದ ಇಂಟರ್ನ್‌ಶಿಪ್ ಕಡ್ಡಾಯವಾಗಿರುವ ಪದವಿ ಯೋಜನೆಗೆ ಸೇರುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ವೇಳಾಪಟ್ಟಿ ಎಂಬ ಬಲೆ

ಸ್ಟುಡಿಯೊ ಕೋರ್ಸಿನ ಮೂರು ಕ್ರೆಡಿಟ್ ಉಪನ್ಯಾಸದ ಮೂರು ಕ್ರೆಡಿಟ್‌ನಂತಲ್ಲ. ಉಪನ್ಯಾಸಕ್ಕೆ ವಾರಕ್ಕೆ ಮೂರು ಗಂಟೆ ತರಗತಿ. ಸ್ಟುಡಿಯೊಗೆ ಬಹಳಷ್ಟು ಕಾಲೇಜುಗಳಲ್ಲಿ ಐದಾರು ಗಂಟೆ ತರಗತಿ, ಮನೆಯಲ್ಲಿ ಇನ್ನೂ ಮೂರು ನಾಲ್ಕು ಗಂಟೆ. ಪೂರ್ಣಾವಧಿ ವಿದ್ಯಾರ್ಥಿಯೆನಿಸಲು 12 ಕ್ರೆಡಿಟ್ ಬೇಕು. ನಾಲ್ಕೂ ಸ್ಟುಡಿಯೊ ಕೋರ್ಸುಗಳೇ ಆದರೆ ವಾರಕ್ಕೆ 32ರಿಂದ 40 ಗಂಟೆ ಆಗುತ್ತದೆ, ಮತ್ತು ನಾಲ್ಕರ ಅಂತಿಮ ಕೆಲಸಗಳೂ ಒಂದೇ ವಾರದಲ್ಲಿ ಬಂದು ಬೀಳುತ್ತವೆ. ಎರಡು ಸ್ಟುಡಿಯೊ, ಎರಡು ಸಾಮಾನ್ಯ ಕೋರ್ಸು ಎಂಬ ಜೋಡಣೆ ಹೆಚ್ಚಿನವರಿಗೆ ಹಿಡಿಸುತ್ತದೆ. ಸ್ಟುಡಿಯೊ ಮೂರಾದರೂ ನಡೆದೀತು, ಬೇರೆ ಉದ್ಯೋಗ ಇಲ್ಲದಿದ್ದರೆ.

ಇದಕ್ಕಿಂತ ದೊಡ್ಡ ಅಪಾಯ ಪೂರ್ವಾರ್ಹತೆಯ ಸರಪಳಿ. ಟೈಪೋಗ್ರಫಿ ಎರಡಕ್ಕೆ ಟೈಪೋಗ್ರಫಿ ಒಂದು ಬೇಕು, ಅದಕ್ಕೆ ಟೂ-ಡಿ ಡಿಸೈನ್ ಬೇಕು. ಸಣ್ಣ ವಿಭಾಗಗಳಲ್ಲಿ ಟೈಪೋಗ್ರಫಿ ಒಂದನ್ನು ವರ್ಷದ ಎರಡನೆಯದಾದ ಸ್ಪ್ರಿಂಗ್ ಸೆಮಿಸ್ಟರಿನಲ್ಲಿ ಮಾತ್ರ ಕೊಡುವುದುಂಟು. ಮೊದಲ ಸೆಮಿಸ್ಟರಿನಲ್ಲಿ ಟೂ-ಡಿ ಬಿಟ್ಟು ಫೋಟೊಶಾಪ್ ತೆಗೆದುಕೊಂಡವರಿಗೆ ಎರಡನೆಯ ವರ್ಷದ ಸ್ಪ್ರಿಂಗ್‌ವರೆಗೂ ಸರಪಳಿ ಅಲುಗುವುದಿಲ್ಲ, ಹಾಗಾಗಿ ಎರಡು ವರ್ಷದ ಓದು ಮೂರಾಗುತ್ತದೆ. ಕೆಟಲಾಗಿನ ಪೋರ್ಟ್‌ಫೋಲಿಯೊ ಕೋರ್ಸಿನಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಈ ಗಂಟು ಮೊದಲ ದಿನವೇ ಕಾಣುತ್ತದೆ. ಯಾವ ಕೋರ್ಸು ಯಾವ ಸೆಮಿಸ್ಟರಿನಲ್ಲಿ ಬರುತ್ತದೆಂದು ವಿಭಾಗದ ಮುಖ್ಯಸ್ಥರನ್ನೇ ಕೇಳುವುದು ಒಳ್ಳೆಯದು. ನೂರಾರು ಬಗೆಯ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಕೌನ್ಸೆಲರ್‌ಗೆ ಅಷ್ಟು ಸೂಕ್ಷ್ಮ ತಿಳಿದಿರಬೇಕೆಂದೇನೂ ಇಲ್ಲ.

ಕೈಯ ಕೆಲಸ

ಡ್ರಾಯಿಂಗ್ ಒಂದಕ್ಕೆ ಬೇಕಾಗುವ ಸಾಮಾನು ಎಲ್ಲೆಡೆ ಒಂದೇ: 18×24 ಇಂಚಿನ ನ್ಯೂಸ್‌ಪ್ರಿಂಟ್ ಪ್ಯಾಡ್, ಅದೇ ಅಳತೆಯ ಡ್ರಾಯಿಂಗ್ ಪೇಪರ್, 2ಎಚ್‌ನಿಂದ 6ಬಿವರೆಗಿನ ಪೆನ್ಸಿಲ್, ಇದ್ದಿಲು ಎರಡು ಬಗೆ, ನಾದಿದ ಹಿಟ್ಟಿನಂಥ ನೀಡೆಡ್ ರಬ್ಬರ್, ಕ್ಲಿಪ್ ಇರುವ ಹಲಗೆ. ವೈನ್ ಇದ್ದಿಲು ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಹಾಗಾಗಿ ಮೊದಲ ಗೆರೆಗಳಿಗೆ ಅದು. ಕಂಪ್ರೆಸ್ಡ್ ಇದ್ದಿಲಿನಲ್ಲಿ ಅಂಟು ಬೆರೆಸಿರುತ್ತಾರೆ. ಗಾಢ ಕಪ್ಪು ಬರುತ್ತದೆ, ಪೂರ್ತಿ ಅಳಿಸುವುದು ಕಷ್ಟ. ಅವೆರಡನ್ನು ಅದಲು ಬದಲು ಮಾಡಿದವರ ಚಿತ್ರ ಹತ್ತು ನಿಮಿಷದಲ್ಲಿ ಕೆಸರಾಗಿರುತ್ತದೆ. ನ್ಯೂಸ್‌ಪ್ರಿಂಟ್ ಅಗ್ಗ, ಆದರೆ ಆಮ್ಲೀಯ. ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಪೋರ್ಟ್‌ಫೋಲಿಯೊಗೆ ಬೇಕಾಗಬಹುದಾದ ಯಾವುದನ್ನೂ ಅದರ ಮೇಲೆ ಬಿಡಿಸಬಾರದು.

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಬಿಡಿಸುವುದು ಮೊದಲ ವಾರದ ಸಾಮಾನ್ಯ ತಪ್ಪು. ಕಾಗದದ ಮೇಲ್ಭಾಗ ಕಣ್ಣಿನಿಂದ ದೂರ ಇರುವುದರಿಂದ ಕುಗ್ಗಿದಂತೆ ಕಾಣುತ್ತದೆ, ಅದನ್ನು ಸರಿದೂಗಿಸಲು ಕೈ ತಾನಾಗಿಯೇ ಎಳೆದು ಬಿಡಿಸುತ್ತದೆ. ಹಲಗೆ ಎತ್ತಿ ನಿಲ್ಲಿಸಿದಾಗ ತಲೆ ಉದ್ದವಾದ ಆಕೃತಿ ಎದುರಾಗುತ್ತದೆ. ಹಲಗೆ ನಿಲ್ಲಿಸುವ ಈಸೆಲ್ ಇಟ್ಟಿರುವುದೇ ಇದಕ್ಕೆ, ಕಲಾವಿದರ ಠೀವಿಗಲ್ಲ. ಪೆನ್ಸಿಲ್ ಹಿಡಿದು ಅಳತೆ ನೋಡುವಾಗ ಒಂದು ಕಣ್ಣು ಮುಚ್ಚಿ ಮೊಣಕೈ ಪೂರ್ತಿ ನೀಡಬೇಕು. ಮೊಣಕೈ ಸ್ವಲ್ಪ ಮಡಚಿದರೂ ಪ್ರತಿ ಅಳತೆಯೂ ಬೇರೆಯಾಗುತ್ತದೆ. ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗದ ಆಕಾರ ಬಿಡಿಸುವ ಅಭ್ಯಾಸ ಆಟದಂತೆ ಕಂಡರೂ ಮುಂದೆ ಲೋಗೊ ಮಾಡುವಾಗ, ಅಕ್ಷರಗಳ ನಡುವಿನ ಅಂತರ ತಿದ್ದುವಾಗ ಕೆಲಸಕ್ಕೆ ಬರುವುದು ಅದೇ. ಡಿಸೈನ್ ಓದುವವರಿಗೆ ಡ್ರಾಯಿಂಗ್ ಯಾಕೆ ಎಂದು ಗೊಣಗುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಟೈಪೋಗ್ರಫಿ ತರಗತಿಗೆ ಹೋದ ಮೇಲೆ ಗೊಣಗಾಟ ಕಡಿಮೆಯಾಗುತ್ತದೆ.

ಟೂ-ಡಿ ಡಿಸೈನ್‌ನಲ್ಲಿ ಬ್ರಿಸ್ಟಲ್ ಎಂಬ ದಪ್ಪ ಕಾಗದದ ಬೋರ್ಡು, ಗ್ವಾಶ್ ಎಂಬ ಅಪಾರದರ್ಶಕ ನೀರುಬಣ್ಣ, 11ನೇ ನಂಬರಿನ ಬ್ಲೇಡಿನ ಎಕ್ಸ್-ಆಕ್ಟೊ ಚಾಕು, ಕಾರ್ಕ್ ತಳದ ಉಕ್ಕಿನ ಸ್ಕೇಲು. ಬ್ರಿಸ್ಟಲ್‌ನಲ್ಲಿ ಪ್ಲೇಟ್ ಎಂಬ ನುಣುಪು ಮೈ ಪೆನ್ನಿನ ಮಸಿಗೆ, ವೆಲ್ಲಮ್ ಎಂಬ ಸ್ವಲ್ಪ ತರಿ ಮೈ ಪೆನ್ಸಿಲ್, ಗ್ವಾಶ್‌ಗಳಿಗೆ. ಗ್ವಾಶ್ ಕೆನೆಯ ಹದಕ್ಕಿರಬೇಕು. ನೀರು ಹೆಚ್ಚಾದರೆ ಗೆರೆಗೆರೆಯಾಗುತ್ತದೆ, ಕಡಿಮೆಯಾದರೆ ಒಣಗಿ ಬಿರುಕು ಬಿಡುತ್ತದೆ. ಒಣಗುವಾಗ ತಿಳಿಬಣ್ಣ ಸ್ವಲ್ಪ ಗಾಢವಾಗಿಯೂ ಗಾಢಬಣ್ಣ ಸ್ವಲ್ಪ ತಿಳಿಯಾಗಿಯೂ ತಿರುಗುವುದರಿಂದ ಹಸಿ ಬಣ್ಣವನ್ನು ಹೋಲಿಸಿ ಪ್ರಯೋಜನವಿಲ್ಲ. ಚೂರು ಕಾಗದದ ಮೇಲೆ ಹಚ್ಚಿ, ಒಣಗಿಸಿ ನೋಡಬೇಕು. ಒಂದು ಪ್ರದೇಶಕ್ಕೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಬೇಕು, ಅರ್ಧಕ್ಕೆ ಮುಗಿದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ. ದಪ್ಪ ಬೋರ್ಡನ್ನು ಒಂದೇ ಏಟಿಗೆ ಕತ್ತರಿಸಲು ಹೋದರೆ ಚಾಕು ಓರೆಯಾಗುತ್ತದೆ. ಹಗುರಾಗಿ ಮೂರು ನಾಲ್ಕು ಸಲ ಎಳೆಯಬೇಕು. ಬ್ಲೇಡ್ ಮೊಂಡಾದ ಕೂಡಲೇ ಬದಲಿಸಬೇಕು. ಮೊಂಡು ಬ್ಲೇಡು ಕಾಗದವನ್ನು ಹರಿಯುತ್ತದೆ, ಬಲ ಹಾಕಿದರೆ ಜಾರಿ ಬೆರಳಿಗೆ ಬರುತ್ತದೆ.

ಬಿಳಿಯಿಂದ ಕಪ್ಪಿಗೆ ಒಂಬತ್ತು ಹತ್ತು ಮೆಟ್ಟಿಲಿನ ಬೂದು ಪಟ್ಟಿ ಮಾಡಿಸುವುದು ಈ ತರಗತಿಯ ಅತ್ಯಂತ ಬೇಸರದ ಕೆಲಸ, ಅತ್ಯಂತ ಉಪಯೋಗದ್ದೂ ಹೌದು. ಬಿಳಿಗೆ ಒಂದು ಹನಿ ಕಪ್ಪು ಸೇರಿಸಿದರೆ ಎದ್ದು ಕಾಣುವ ಬದಲಾವಣೆ. ಆಗಲೇ ಗಾಢವಾದ ಬೂದುವಿಗೆ ಅದೇ ಹನಿ ಸೇರಿಸಿದರೆ ಏನೂ ಆಗದು. ಸಮ ಪ್ರಮಾಣದಲ್ಲಿ ಕಪ್ಪು ಬೆರೆಸುತ್ತ ಹೋದವರ ಪಟ್ಟಿಯಲ್ಲಿ ಮೊದಲ ಎರಡು ಮೆಟ್ಟಿಲಿನ ನಡುವೆ ಕಂದಕ, ಕೊನೆಯ ನಾಲ್ಕರಲ್ಲಿ ವ್ಯತ್ಯಾಸವೇ ಇಲ್ಲ. ಬಿಳಿ ತುದಿಯಲ್ಲಿ ಸೂಜಿಮೊನೆಯಷ್ಟು, ಮುಂದೆ ಹೋದಂತೆ ಹೆಚ್ಚು ಹೆಚ್ಚು ಕಪ್ಪು ಬೇಕು. ಮೊದಲು ನಡುವಿನ ಬೂದುವನ್ನು ಸರಿಮಾಡಿಕೊಂಡು, ಆಮೇಲೆ ಎರಡು ಕಡೆಗೂ ಅರ್ಧರ್ಧ ಒಡೆಯುತ್ತ ಹೋಗುವುದು ಸುಲಭದ ದಾರಿ.

ಬಣ್ಣದ ತರಗತಿಯಲ್ಲಿ ಕಲಾವಿದ, ಶಿಕ್ಷಕ ಜೋಸೆಫ್ ಆಲ್ಬರ್ಸ್ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ, ಆಮೇಲೆ ಯೇಲ್‌ನಲ್ಲಿ ಮಾಡಿಸುತ್ತಿದ್ದ ಅಭ್ಯಾಸಗಳು ಇಂದಿಗೂ ನಡೆಯುತ್ತವೆ. ಒಂದೇ ಬಣ್ಣದ ಎರಡು ಚೂರನ್ನು ಎರಡು ಬೇರೆ ಹಿನ್ನೆಲೆಯ ಮೇಲಿಟ್ಟು ಅವು ಎರಡು ಬಣ್ಣದಂತೆ ಕಾಣಿಸಬೇಕು. ಬಣ್ಣದ ಕಾಗದ ಬಳಸುವುದು ಯಾಕೆಂದರೆ ಕುಂಚದ ಗುರುತು, ಬೆರಕೆಯ ವ್ಯತ್ಯಾಸ ಅಡ್ಡ ಬರಬಾರದು. ನಡುವಿನ ಬಣ್ಣ ಎರಡು ಹಿನ್ನೆಲೆಗಳ ಮಧ್ಯದಲ್ಲಿ ಬೀಳಬೇಕು, ಛಾಯೆಯಲ್ಲೂ ತಿಳಿ-ಗಾಢದಲ್ಲೂ. ತೀರಾ ಪ್ರಖರವಾದ ಕೆಂಪನ್ನು ಆರಿಸಿದರೆ ಅದು ಯಾವ ಹಿನ್ನೆಲೆಗೂ ಬಗ್ಗುವುದಿಲ್ಲ; ಮಂದ ಬಣ್ಣಗಳು ಬಗ್ಗುತ್ತವೆ. ಮುಂದೆ ಬ್ರ್ಯಾಂಡಿನ ಬಣ್ಣವೊಂದು ಬಿಳಿ ಪರದೆಯ ಮೇಲೆ ಒಂದು ರೀತಿ, ಕಪ್ಪು ಚೀಲದ ಮೇಲೆ ಇನ್ನೊಂದು ರೀತಿ ಕಂಡಾಗ ತಲೆ ಕೆಡಿಸಿಕೊಳ್ಳದೆ ತಿದ್ದಲು ಬರುವುದು ಈ ಚೂರುಗಳನ್ನು ಜರುಗಿಸಿದವರಿಗೆ.

ಅಕ್ಷರ

ವಿಭಾಗದಲ್ಲಿ ಒಂದೇ ಕೋರ್ಸನ್ನು ಎರಡು ಸಲ ಮಾಡಲು ಅವಕಾಶವಿದ್ದರೆ ಅದು ಟೈಪೋಗ್ರಫಿ ಆಗಬೇಕು. ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ, 12 ಪಾಯಿಂಟ್‌ಗೆ ಒಂದು ಪೈಕಾ. ಇದು ಮೊದಲ ದಿನದ ಪಾಠ. ಎರಡನೆಯ ದಿನದಿಂದ ಕಣ್ಣಿನ ಪಾಠ. ಅಡೋಬಿ ತಂತ್ರಾಂಶಗಳು ಸಾಲಿನ ಅಂತರವನ್ನು ತಾವಾಗಿಯೇ ಅಕ್ಷರದ ಅಳತೆಯ 120 ಪ್ರತಿಶತಕ್ಕೆ ಇಡುತ್ತವೆ: 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್. ದೊಡ್ಡ ಶೀರ್ಷಿಕೆಗೆ ಇದು ಹೆಚ್ಚು, ಉದ್ದ ಸಾಲಿನ ಪಠ್ಯಕ್ಕೆ ಕಡಿಮೆ. ಸಾಲಿನ ಉದ್ದ ಇಂಗ್ಲಿಷಿನಲ್ಲಿ 45ರಿಂದ 75 ಅಕ್ಷರದೊಳಗಿದ್ದರೆ ಕಣ್ಣು ಸುಲಭವಾಗಿ ಮುಂದಿನ ಸಾಲಿಗೆ ಇಳಿಯುತ್ತದೆ. ಕಿರಿದಾದ ಕಾಲಮ್ಮಿನಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಬಿಳಿ ಹೊಳೆಗಳು ಹರಿಯುತ್ತವೆ. ಅಲ್ಲಿ ಬಲ ಅಂಚನ್ನು ಹಾಗೇ ಬಿಡುವುದು ಲೇಸು.

ಕೆರ್ನಿಂಗ್ ಅಂದರೆ ಎರಡು ಅಕ್ಷರಗಳ ನಡುವಿನ ಜಾಗ, ಟ್ರ್ಯಾಕಿಂಗ್ ಅಂದರೆ ಇಡೀ ಸಾಲಿನದು. ವಿದ್ಯಾರ್ಥಿಗಳು ಟ್ರ್ಯಾಕಿಂಗ್ ಎಳೆದು ಕೆರ್ನಿಂಗ್ ಮಾಡಿದೆವೆಂದುಕೊಳ್ಳುತ್ತಾರೆ. ಇಂಗ್ಲಿಷಿನ ಎ, ವಿ, ಟಿಯಂಥ ಓರೆ ಅಥವಾ ಚಾಚು ತೋಳಿನ ದೊಡ್ಡಕ್ಷರಗಳು ಒಟ್ಟಿಗೆ ಬಂದಲ್ಲಿ ಜಾಗ ಬಿಟ್ಟುಹೋದಂತೆ ಕಾಣುತ್ತದೆ, ಅಲ್ಲಿ ಕೈಯಾರೆ ತಿದ್ದಬೇಕು. ಪುಟವನ್ನು ತಲೆಕೆಳಗೆ ಮಾಡಿ ನೋಡಿದರೆ ಪದ ಓದಲಾಗದೆ ಆಕಾರ, ಅಂತರ ಮಾತ್ರ ಕಾಣುತ್ತವೆ. ತಪ್ಪು ತಾನೇ ಎದ್ದು ಬರುತ್ತದೆ. ಬೋಲ್ಡ್ ಇಲ್ಲದ ಫಾಂಟಿಗೆ ಅಂಚುಗೆರೆ ಹಚ್ಚಿ ದಪ್ಪ ಮಾಡುವುದು, ಅಗಲ ಸಾಲದೆಂದು ಅಕ್ಷರವನ್ನು ಹಿಗ್ಗಿಸುವುದು ಯಾವ ಶಿಕ್ಷಕರೂ ಕ್ಷಮಿಸದ ಎರಡು ಪಾಪಗಳು. ಹಿಗ್ಗಿಸಿದಾಗ ಲಂಬ ಗೆರೆಗಳು ದಪ್ಪವಾಗುತ್ತವೆ, ಅಡ್ಡ ಗೆರೆಗಳು ಹಾಗೇ ಉಳಿಯುತ್ತವೆ, ಅಕ್ಷರ ರೂಪಿಸಿದವರು ತೂಗಿಟ್ಟ ಸಮತೋಲ ಹಾಳಾಗುತ್ತದೆ.

ಎರಡು ಭಾಷೆಯ ಪೋಸ್ಟರ್ ಎಂಬ ಅಸೈನ್‌ಮೆಂಟ್ ಬಂದರೆ ಕನ್ನಡಿಗರು ಕನ್ನಡವನ್ನೇ ಆರಿಸುತ್ತಾರೆ, ಆರಿಸಲೇಬೇಕು. ಆದರೆ ಅಕ್ಷರ ಜೋಡಿಸುವ ಅಡೋಬಿಯ ಮಾಮೂಲಿ ಕಂಪೋಸರಿನಲ್ಲಿ ಕನ್ನಡ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವೊತ್ತು ಜಾಗ ತಪ್ಪಿ ಬೀಳುವುದುಂಟು. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಯಾಗುತ್ತದೆ. ಇಲಸ್ಟ್ರೇಟರಿನಲ್ಲಿ ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸುವಂತೆ ಮಾಡಬೇಕು. ಯೂನಿಕೋಡ್ ಫಾಂಟೇ ಬಳಸಬೇಕು. ಕೆಳಗೆ ಒತ್ತು, ಮೇಲೆ ಗುಡಿಸು ಇರುವ ನಮ್ಮ ಲಿಪಿಗೆ 120 ಪ್ರತಿಶತದ ಸಾಲಂತರ ಸಾಲದು, ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ಬಡಿಯುತ್ತದೆ. 140–150ರಿಂದ ಶುರುಮಾಡಿ ಕಣ್ಣಿಗೆ ಒಪ್ಪುವಂತೆ ಇಳಿಸಬಹುದು. ಒತ್ತುಗಳ ನಡುವೆ ಟ್ರ್ಯಾಕಿಂಗ್ ಎಳೆಯಲು ಹೋಗಬಾರದು. ತರಗತಿಯಲ್ಲಿ ಬೇರೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ ಎನ್ನುವುದೂ ಒಂದು ಅನುಕೂಲವೇ: ಅವರು ಆಕಾರವನ್ನಷ್ಟೇ ನೋಡಿ ಅಭಿಪ್ರಾಯ ಹೇಳುತ್ತಾರೆ.

ಚಿತ್ರ

ಇಲಸ್ಟ್ರೇಶನ್ ಕೋರ್ಸಿನಲ್ಲಿ ಅಂತಿಮ ಚಿತ್ರಕ್ಕಿಂತ ಮೊದಲ ವಾರದ ಚಿಕ್ಕ ಚೌಕಗಳಿಗೆ ಹೆಚ್ಚು ಬೆಲೆ. ಲೇಖನವೊಂದನ್ನು ಕೊಟ್ಟು ಅದಕ್ಕೆ ಚಿತ್ರ ಬಿಡಿಸಿ ಎನ್ನುತ್ತಾರೆ. ಲೇಖನವನ್ನು ಎರಡು ಸಲ ಓದಿ, 20–30 ಥಂಬ್‌ನೇಲ್ ಬಿಡಿಸಬೇಕು, ಒಂದೊಂದೂ ಎರಡು ಮೂರು ಇಂಚು. ಮೊದಲ ಐದಾರು ಎಲ್ಲರಿಗೂ ಹೊಳೆಯುವಂಥವು: ಹಣವೆಂದರೆ ನಾಣ್ಯ, ಐಡಿಯಾ ಎಂದರೆ ಬಲ್ಬು. ಅವು ಖಾಲಿಯಾದ ಮೇಲೆ ಬರುವುದನ್ನು ನೋಡಲಿಕ್ಕೇ ಅಷ್ಟು ಸಂಖ್ಯೆ ಕೇಳುವುದು. ಚೌಕದ ಉದ್ದಗಲದ ಅನುಪಾತ ಅಂತಿಮ ಅಳತೆಯದೇ ಆಗಿರಬೇಕು. ಇಲ್ಲದಿದ್ದರೆ ಚೌಕದಲ್ಲಿ ಚೆಂದ ಕೂತದ್ದು ದೊಡ್ಡದು ಮಾಡಿದಾಗ ಒಂದು ಬದಿ ಖಾಲಿ ಹೊಡೆಯುತ್ತದೆ. ಆರಿಸಿದ ಎರಡು ಮೂರನ್ನು ಬಿಳಿ, ಬೂದು, ಕಪ್ಪು ಎಂದು ಮೂರೇ ಮೂರು ಹಂತದಲ್ಲಿ ಮತ್ತೆ ಬಿಡಿಸಬೇಕು. ಆ ಮೂರರಲ್ಲಿ ಮುಖ್ಯ ವಿಷಯ ಎದ್ದು ಕಾಣದಿದ್ದರೆ ಬಣ್ಣ ಅದನ್ನು ಕಾಪಾಡುವುದಿಲ್ಲ. ಇದನ್ನು ಹಾರಿಸಿ ನೇರ ಬಣ್ಣಕ್ಕಿಳಿದವರು ಎರಡನೆಯ ವಾರದ ಕೊನೆಯಲ್ಲಿ ಹಿನ್ನೆಲೆಯನ್ನು ನಾಲ್ಕನೆಯ ಸಲ ಬದಲಿಸುತ್ತ ಕೂತಿರುತ್ತಾರೆ.

ಆಕರಕ್ಕೆ ಇಂಟರ್‌ನೆಟ್ಟಿನ ಫೋಟೊ ಇಳಿಸಿಕೊಂಡು ಟ್ರೇಸ್ ಮಾಡುವುದು ಕಾಪಿರೈಟ್ ತೊಂದರೆ. ಅದಕ್ಕಿಂತ ಹೆಚ್ಚಾಗಿ ಚಿತ್ರಕ್ಕೇ ತೊಂದರೆ. ಐದು ಫೋಟೊಗಳಲ್ಲಿ ಬೆಳಕು ಐದು ಕಡೆಯಿಂದ ಬಂದಿರುತ್ತದೆ, ಒಟ್ಟು ಸೇರಿಸಿದಾಗ ಆಕೃತಿಗಳು ಒಂದೇ ಕೋಣೆಯಲ್ಲಿವೆ ಎನಿಸುವುದಿಲ್ಲ. ಒಂದು ಮೇಜಿನ ದೀಪ, ಸ್ನೇಹಿತರೊಬ್ಬರು, ಫೋನು ಸಾಕು. ಬೇಕಾದ ಭಂಗಿಯನ್ನು ಬೇಕಾದ ಬೆಳಕಿನಲ್ಲಿ ತೆಗೆದುಕೊಳ್ಳಬಹುದು.

ಕಾಗದದ ಮೇಲೆ ಮಾಡುವವರು ಮೂಲವನ್ನು ಮುದ್ರಣದ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸುವುದು ಹಳೆಯ ಪದ್ಧತಿ: ಕುಗ್ಗಿಸಿದಾಗ ಕೈನಡುಕ ಅಡಗುತ್ತದೆ. ಆದರೆ ಗೆರೆಯೂ ತೆಳುವಾಗುತ್ತದೆ. ಅರ್ಧ ಪಾಯಿಂಟಿನ ಗೆರೆ ಅರ್ಧಕ್ಕೆ ಕುಗ್ಗಿದರೆ ಕಾಲು ಪಾಯಿಂಟ್, ಮುದ್ರಣದಲ್ಲಿ ತುಂಡು ತುಂಡಾಗಿ ಬರುವ ಮಟ್ಟ. ಜಲವರ್ಣಕ್ಕೆ 140 ಪೌಂಡಿನ ದಪ್ಪ ಕಾಗದವನ್ನೂ ನಾಲ್ಕು ಕಡೆ ಟೇಪು ಹಚ್ಚಿ ಹಲಗೆಗೆ ಬಿಗಿಯದಿದ್ದರೆ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಸ್ಕ್ಯಾನ್ ಮಾಡುವಾಗ ಬಣ್ಣದ ಚಿತ್ರಕ್ಕೆ ಮುದ್ರಣದ ಅಳತೆಯಲ್ಲಿ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಸಿಗಬೇಕು, ಎರಡು ಪಟ್ಟು ದೊಡ್ಡದು ಮಾಡುವುದಿದ್ದರೆ 600. ಬರೀ ಕಪ್ಪು ಗೆರೆಯ ಚಿತ್ರಕ್ಕೆ 600ರಿಂದ 1200, ಯಾಕೆಂದರೆ ಅಲ್ಲಿ ಅಂಚನ್ನು ಮೃದುಗೊಳಿಸುವ ಬೂದು ಇರುವುದಿಲ್ಲ. ಸ್ಕ್ಯಾನ್ ಆದ ಮೇಲೆ ಫೋಟೊಶಾಪಿನ ಲೆವೆಲ್ಸ್‌ನಲ್ಲಿ ಕಾಗದದ ಹಳದಿಯನ್ನು ಬಿಳಿಗೆ ತಂದು, ಗೆರೆಯ ಲೇಯರನ್ನು ಮಲ್ಟಿಪ್ಲೈಗೆ ಹಾಕಿ, ಅದರ ಕೆಳಗೆ ಬಣ್ಣ ತುಂಬಬೇಕು.

ಇಲಸ್ಟ್ರೇಟರಿನಲ್ಲಿ ಪೆನ್ ಟೂಲ್ ಕಲಿಯದೆ, ಚಿತ್ರವನ್ನು ತಾನೇ ರೇಖೆಗಳಿಗೆ ಇಳಿಸುವ ಇಮೇಜ್ ಟ್ರೇಸ್ ಒತ್ತುವುದು ಇನ್ನೊಂದು ಅವಸರ. ಟ್ರೇಸ್ ನೂರಾರು ಬಿಂದುಗಳನ್ನು ಸುರಿಯುತ್ತದೆ, ಅಂಚು ತರಿತರಿಯಾಗುತ್ತದೆ, ಒಂದು ತಿರುವು ತಿದ್ದಲು ಮೂವತ್ತು ಬಿಂದು ಎಳೆಯಬೇಕಾಗುತ್ತದೆ. ವಕ್ರರೇಖೆಯ ಮೇಲ್ತುದಿ, ಕೆಳತುದಿ, ಎಡ, ಬಲ ತುದಿಗಳಲ್ಲಿ ಮಾತ್ರ ಬಿಂದು ಇಟ್ಟು, ಹಿಡಿಕೆಗಳನ್ನು ನೇರ ಅಡ್ಡಕ್ಕೋ ಲಂಬಕ್ಕೋ ಎಳೆದರೆ ವೃತ್ತಕ್ಕೆ ನಾಲ್ಕೇ ಬಿಂದು ಸಾಕು. ಲೋಗೊ ಮುಗಿಯಿತೆನ್ನುವ ಮೊದಲು ಒಂದೇ ಬಣ್ಣದಲ್ಲಿ, ಅರ್ಧ ಇಂಚಿನ ಅಳತೆಯಲ್ಲಿ ಮುದ್ರಿಸಿ ನೋಡಬೇಕು.

ಯಂತ್ರ, ಅಂದರೆ ಎಐ, ಬಿಡಿಸಿಕೊಡುವ ಚಿತ್ರದ ಬಗ್ಗೆ ಒಂದು ಮಾತು. ಶಿಕ್ಷಕರ ನಿಯಮ ಕೋರ್ಸಿನಿಂದ ಕೋರ್ಸಿಗೆ ಬೇರೆ, ಸಿಲಬಸ್‌ನಲ್ಲಿ ಬರೆದಿರುತ್ತಾರೆ. ಮನುಷ್ಯ ಕರ್ತೃತ್ವವಿಲ್ಲದ ಕೃತಿಗೆ ಅಮೆರಿಕದ ಕಾಪಿರೈಟ್ ಕಚೇರಿ ನೋಂದಣಿ ಕೊಡುವುದಿಲ್ಲ, 2025ರ ಮಾರ್ಚಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಗ್ರಾಹಕರಿಗೆ ಹಕ್ಕು ಬರೆದುಕೊಡುವ ವೃತ್ತಿಯಲ್ಲಿ ಇದು ಸಣ್ಣ ವಿಷಯವಲ್ಲ.

ಗೋಡೆ ಮತ್ತು ಮುದ್ರಣ

ಮನೆಯಲ್ಲಿ ಕೂತು ವಿಡಿಯೊ ನೋಡಿ ಕಲಿಯಲಾಗದ್ದು ಎರಡು. ಒಂದು ಕ್ರಿಟೀಕ್: ಎಲ್ಲರ ಕೆಲಸವನ್ನೂ ಗೋಡೆಗೆ ಸಿಕ್ಕಿಸಿ ಆರು ಅಡಿ ದೂರದಿಂದ ನೋಡುವುದು. ಒಳ್ಳೆಯ ಶಿಕ್ಷಕರು ಮೊದಲ ಕೆಲವು ನಿಮಿಷ ಮಾಡಿದವರಿಗೆ ಮಾತಾಡಲು ಬಿಡುವುದಿಲ್ಲ. ನೋಡುವವರು ಮೊದಲು ಏನು ಕಾಣುತ್ತದೆ, ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಹೇಳಬೇಕು, ಇಷ್ಟಾನಿಷ್ಟ ಆಮೇಲೆ. ‘ಚೆನ್ನಾಗಿದೆ’ ಎಂಬ ಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ. ‘ದಿನಾಂಕ ಕೊನೆಗೆ ಕಂಡಿತು’ ಎಂದರೆ ತಿದ್ದಲು ಒಂದು ಜಾಗ ಸಿಗುತ್ತದೆ. ಸಮಜಾಯಿಷಿ ಕೊಡುವ ಚಟ ನಮ್ಮಲ್ಲಿ ಸ್ವಲ್ಪ ಹೆಚ್ಚು. ಬಾಯಿ ಮುಚ್ಚಿ ಬರೆದುಕೊಳ್ಳುವುದು ಅಲ್ಲಿ ಕಲಿಯಬೇಕಾದ ಕೌಶಲ. ಅರ್ಧ ಮುಗಿದ ಕೆಲಸವನ್ನೇ ಗೋಡೆಗೆ ಹಾಕಬೇಕು. ಪೂರ್ತಿ ಮುಗಿಸಿ ತಂದವರು ಟೀಕೆಯನ್ನು ಕೇಳಿಸಿಕೊಂಡರೂ ತಿದ್ದುವ ಸ್ಥಿತಿಯಲ್ಲಿರುವುದಿಲ್ಲ.

ಇನ್ನೊಂದು, ಫೈಲನ್ನು ಕಾಗದಕ್ಕೆ ಇಳಿಸುವುದು. ಪುಟದ ಅಂಚಿನವರೆಗೆ ಬಣ್ಣವಿದ್ದರೆ ಎಲ್ಲ ಕಡೆ ಇಂಚಿನ ಎಂಟನೇ ಒಂದು ಭಾಗ, ಅಂದರೆ 0.125 ಇಂಚು ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ) ಬೇಕು. ಕತ್ತರಿ ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಉಳಿಯಬಾರದು. ಲ್ಯಾಬಿನ ಲೇಸರ್ ಪ್ರಿಂಟರ್ ಅಂಚಿನವರೆಗೆ ಮುದ್ರಿಸುವುದಿಲ್ಲ. ಆದ್ದರಿಂದ 8.5×11 ಇಂಚಿನ ಪುಟವನ್ನು 11×17 ಕಾಗದದ ಮೇಲೆ ಕ್ರಾಪ್ ಗುರುತಿನೊಂದಿಗೆ ತೆಗೆದು ಕತ್ತರಿಸಬೇಕು. ಸಣ್ಣ ಪಠ್ಯ ಕಪ್ಪು ಮಸಿ ಒಂದರಲ್ಲೇ, ಅಂದರೆ ಕೆ 100 ಮಾತ್ರ ಇರಬೇಕು. ನಾಲ್ಕೂ ಮಸಿ ಬೆರೆತ ಕಪ್ಪಾದರೆ ಪ್ಲೇಟುಗಳು ಚೂರು ಸರಿದ ಕೂಡಲೇ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಬೆರಕೆ ಕಪ್ಪು ಬೇಕು, ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಗಳು 60-40-40-100 ಪ್ರತಿಶತ ಎಂಬಂತೆ. ಸ್ವಾಚ್ ಪಟ್ಟಿಯಲ್ಲಿರುವ ರಿಜಿಸ್ಟ್ರೇಶನ್ ಎಂಬ ಕಪ್ಪನ್ನು ಮುಟ್ಟಬಾರದು, ಅದು ನಾಲ್ಕೂ ಮಸಿಯನ್ನು ನೂರಕ್ಕೆ ನೂರು ಸುರಿದು ಕಾಗದ ಒಣಗದಂತೆ ಮಾಡುತ್ತದೆ. ಕಪ್ಪಾಗಿದ್ದಾಗ ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೆಯೇ ಮುದ್ರಿಸು) ಕೊಟ್ಟ ವಸ್ತುವನ್ನು ಆಮೇಲೆ ಬಿಳಿಗೆ ಬದಲಿಸಿದರೆ ಪರದೆಯಲ್ಲಿ ಕಾಣುತ್ತದೆ, ಮುದ್ರಣದಲ್ಲಿ ಮಾಯ. ಓವರ್‌ಪ್ರಿಂಟ್ ಪ್ರಿವ್ಯೂ ಹಾಕಿದರೆ ಮೊದಲೇ ಗೊತ್ತಾಗುತ್ತದೆ. ಪರದೆಯ ಪ್ರಖರ ಹಸಿರು, ನೀಲಿ ಈ ನಾಲ್ಕು ಮಸಿಗಳ ಸಿಎಂವೈಕೆಯಲ್ಲಿ ಮಂಕಾಗುತ್ತವೆ, ಅದಕ್ಕೆ ಯಾರೂ ಹೊಣೆಯಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿರಬೇಕು. 14 ಪುಟ ಮಾಡಿ ತಂದವರು ಎರಡು ಪುಟ ಹುಡುಕುತ್ತ ರಾತ್ರಿ ಕಳೆಯುತ್ತಾರೆ.

ಇನ್‌ಡಿಸೈನ್ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಚಿತ್ರಗಳು ಮನೆಯಲ್ಲೇ ಉಳಿದಿರುತ್ತವೆ, ಮುದ್ರಣದಲ್ಲಿ ಮಸುಕು ಪ್ರಿವ್ಯೂ ಬರುತ್ತದೆ. ಪ್ಯಾಕೇಜ್ ಆಜ್ಞೆ ಕೊಟ್ಟರೆ ಚಿತ್ರ, ಫಾಂಟ್ ಎಲ್ಲ ಒಂದೇ ಫೋಲ್ಡರಿಗೆ ಬರುತ್ತವೆ. ಬಹಳಷ್ಟು ಲ್ಯಾಬ್‌ಗಳ ಕಂಪ್ಯೂಟರು ಲಾಗ್ಔಟ್ ಆದ ಕೂಡಲೇ ಡೆಸ್ಕ್‌ಟಾಪನ್ನು ಒರೆಸಿಹಾಕುತ್ತದೆ. ಎರಡು ಕಡೆ ಪ್ರತಿ ಇಡದವರಿಗೆ ಇದು ಒಮ್ಮೆಯಾದರೂ ಪಾಠ ಕಲಿಸುತ್ತದೆ.

ಆಮೇಲೆ ಎಲ್ಲಿಗೆ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಗ್ರಾಫಿಕ್ ಡಿಸೈನರ್ ಹುದ್ದೆಗೆ ಸಾಮಾನ್ಯ ಆರಂಭಿಕ ಅರ್ಹತೆ ಎಂದು ತೋರಿಸುವುದು ಬ್ಯಾಚುಲರ್ ಪದವಿಯನ್ನು. ಎರಡು ವರ್ಷದ ಪದವಿ ಹಿಡಿದವರಿಗೆ ಮೊದಲು ತೆರೆಯುವ ಬಾಗಿಲುಗಳು ಪ್ರೊಡಕ್ಷನ್ ಆರ್ಟಿಸ್ಟ್, ಮುದ್ರಣಾಲಯ, ಫಲಕ ತಯಾರಿಸುವ ಅಂಗಡಿ, ಸಣ್ಣ ಸಂಸ್ಥೆಯ ಒಳಗಿನ ಡಿಸೈನ್ ಕೆಲಸ. ಅಲ್ಲಿ ನೋಡುವುದು ಪೋರ್ಟ್‌ಫೋಲಿಯೊವನ್ನು ಮತ್ತು ಕಳಿಸಿದ ಫೈಲ್ ಸರಿಯಿದೆಯೇ ಎಂಬುದನ್ನು. ಬ್ಲೀಡ್ ಇಲ್ಲದ ಪಿಡಿಎಫ್ ಕಳಿಸಿದ ಅಭ್ಯರ್ಥಿಗೆ ಉತ್ತರ ಬರುವುದಿಲ್ಲ. ಇಲಸ್ಟ್ರೇಶನ್ ಮಾತ್ರ ನಂಬಿಕೊಂಡು ಕೂಡಲೇ ಜೀವನ ನಡೆಸುವುದು ಕಷ್ಟ, ಡಿಸೈನ್ ಜೊತೆಗಿದ್ದರೆ ಎರಡೂ ಒಂದನ್ನೊಂದು ಸಾಕುತ್ತವೆ.

ನಾಲ್ಕು ವರ್ಷದ ಬಿಎಫ್ಎಗೆ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಹೋಗುವವರು ಎರಡು ಬೇರೆ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಕ್ರೆಡಿಟ್ ವರ್ಗಾವಣೆ ಆಗುತ್ತದೆಯೇ ಎಂಬುದು ಒಂದು. ಆ ಕ್ರೆಡಿಟ್ ಅಲ್ಲಿನ ಫೌಂಡೇಶನ್ ಕೋರ್ಸಿನ ಬದಲು ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಅಸಿಸ್ಟ್ ಎಂಬ ಜಾಲತಾಣದಲ್ಲಿ ಯಾವ ಕೋರ್ಸು ಯಾವುದಕ್ಕೆ ಸಮ ಎಂದು ನೋಡಬಹುದು. ಖಾಸಗಿ ಕಲಾ ಕಾಲೇಜುಗಳು ಬಹುಮಟ್ಟಿಗೆ ಪೋರ್ಟ್‌ಫೋಲಿಯೊ ನೋಡಿ ಯಾವ ವರ್ಷಕ್ಕೆ ಸೇರಿಸಬೇಕೆಂದು ತೀರ್ಮಾನಿಸುತ್ತವೆ. ಸಾಮಾನ್ಯವಾಗಿ 12ರಿಂದ 20 ಕೃತಿ ಕೇಳುತ್ತಾರೆ, ಅವುಗಳಲ್ಲಿ ಎದುರಿಗಿರುವುದನ್ನು ನೋಡಿ ಬಿಡಿಸಿದ ಡ್ರಾಯಿಂಗ್ ಇರಲೇಬೇಕು. ಕಾರ್ಟೂನ್ ಪಾತ್ರಗಳ ನಕಲು ಬೇಡ. ಎರಡು ಮೂರು ಕೃತಿಗಳಿಗೆ ಥಂಬ್‌ನೇಲಿನಿಂದ ಅಂತಿಮದವರೆಗಿನ ಪುಟಗಳನ್ನು ಸೇರಿಸಿದರೆ ಯೋಚನೆಯ ದಾರಿ ಕಾಣುತ್ತದೆ. ಅದಕ್ಕಾಗಿ ಯಾವ ರಫ್ ಅನ್ನೂ ಕಸಕ್ಕೆ ಹಾಕಬಾರದು, ಹಿಂದೆ ದಿನಾಂಕ ಬರೆದು ಚಪ್ಪಟೆಯಾಗಿ ಇಡಬೇಕು. ಇದ್ದಿಲಿನ ಚಿತ್ರಗಳಿಗೆ ಹೊರಗೆ, ಗಾಳಿಯಾಡುವಲ್ಲಿ ಇದ್ದಿಲು ಅಳಿಸದಂತೆ ಹಿಡಿದಿಡುವ ಫಿಕ್ಸೆಟಿವ್ ಸಿಂಪಡಿಸಿ, ನಡುವೆ ಗ್ಲಾಸೀನ್ ಎಂಬ ನುಣುಪು ತೆಳು ಹಾಳೆ ಹಾಕಬೇಕು. ಫೋಟೊ ತೆಗೆಯುವಾಗ ಚಿತ್ರವನ್ನು ಗೋಡೆಗೆ ಚಪ್ಪಟೆಯಾಗಿ ಒರಗಿಸಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಬೆಳಕು ಬಿಟ್ಟು, ಕ್ಯಾಮೆರಾವನ್ನು ಚಿತ್ರದ ನಡುಮಧ್ಯಕ್ಕೆ ಸಮನಾಗಿ ಹಿಡಿಯಬೇಕು.

ಪೋರ್ಟ್‌ಫೋಲಿಯೊ ಕೋರ್ಸು ಕೊನೆಯ ಸೆಮಿಸ್ಟರಿನಲ್ಲಿದೆ ಎಂದು ಅಲ್ಲಿಯವರೆಗೆ ಕಾಯುವವರು ಆಗ ಹಳೆಯ ಕೆಲಸ ತಿದ್ದಲು ಸಮಯವಿಲ್ಲದೆ ಅಸೈನ್‌ಮೆಂಟುಗಳನ್ನೇ ಜೋಡಿಸಿ ಕೊಡುತ್ತಾರೆ. ಪ್ರತಿ ಸೆಮಿಸ್ಟರಿನ ರಜೆಯಲ್ಲಿ ಒಂದೆರಡನ್ನು ಕ್ರಿಟೀಕ್‌ನ ಟಿಪ್ಪಣಿ ಮುಂದಿಟ್ಟುಕೊಂಡು ಮತ್ತೆ ಮಾಡಿದರೆ ಎರಡು ವರ್ಷಕ್ಕೆ ಏಳೆಂಟು ಗಟ್ಟಿ ಕೆಲಸ ಕೈಯಲ್ಲಿರುತ್ತವೆ. ಜೊತೆಗೆ ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಬೇಕು. ವರ್ಗಾವಣೆಯ ಸಮಯದಲ್ಲಿ ವಿಶ್ವವಿದ್ಯಾಲಯ ಕೇಳುವುದು ತರಗತಿಯ ಗಂಟೆ, ಅಸೈನ್‌ಮೆಂಟುಗಳ ಪಟ್ಟಿ, ವಾರವಾರದ ವಿಷಯ; ಅಂಕಪಟ್ಟಿಯಲ್ಲಿ ಅದ್ಯಾವುದೂ ಇರುವುದಿಲ್ಲ, ಅರೆಕಾಲಿಕ ಶಿಕ್ಷಕರು ಅಷ್ಟರಲ್ಲಿ ಬೇರೆ ಕಾಲೇಜಿಗೆ ಹೋಗಿರಬಹುದು.